ಅಂಗನವಾಡಿ, ಕೂಸಿನ ಮನೆ ಮೇಲೆ ದೂರು ಬಂದರೆ ಪಂಚಾಯಿತಿಯಲ್ಲಿ ಏನು ಮಾಡಬೇಕು

ಚಿಕ್ಕ ಮಕ್ಕಳ ವಿಚಾರದ ದೂರು ಅರ್ಜಿಯಾಗಿ ಬರುವುದು ಕಡಿಮೆ. ಇ-ಸ್ವತ್ತಿನ ಕೆಲಸಕ್ಕೆ ಪಂಚಾಯಿತಿಗೆ ಬಂದ ಹೆಂಗಸು ಹೊರಡುವಾಗ ಬಾಗಿಲಲ್ಲಿ ನಿಂತು, ‘ನಮ್ಮ ಹುಡುಗಂಗೆ ಮೊಟ್ಟೇನೇ ಕೊಡ್ತಿಲ್ವಂತೆ ಸಾರ್’ ಅಂದು ಹೋಗಿಬಿಡುತ್ತಾಳೆ. ವಾರ್ಡಿನ ಸದಸ್ಯರಿಗೆ ರಾತ್ರಿ ಹತ್ತಕ್ಕೆ ಒಂದು ವಾಟ್ಸ್‌ಆಪ್ ಆಡಿಯೊ ಬರುತ್ತದೆ. ಮಕ್ಕಳ ಗ್ರಾಮಸಭೆಯಲ್ಲಿ ಆರನೇ ಕ್ಲಾಸಿನ ಹುಡುಗಿ ಎದ್ದು, ತಮ್ಮನ ಅಂಗನವಾಡಿಗೆ ಎರಡು ಗಂಟೆಗೇ ಬೀಗ ಬೀಳುತ್ತದೆ ಎನ್ನುತ್ತಾಳೆ. ಮೂರೂ ದೂರುಗಳೇ. ‘ಬರೆದುಕೊಂಡು ಬನ್ನಿ’ ಅಂದರೆ ಮೂರೂ ಅಲ್ಲೇ ಸತ್ತವು. ಬರೆದುಕೊಳ್ಳಬೇಕಾದವರು ನಾವು.

ಚಿಕ್ಕಬಳ್ಳಾಪುರ ಜಿಲ್ಲೆಯ ಪಂಚಾಯಿತಿಗಳ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಕಾರ್ಯದರ್ಶಿ, ಸದಸ್ಯರು ಮತ್ತು ಅಂಗನವಾಡಿ ಮೇಲ್ವಿಚಾರಕಿಯರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದೆ. ದೂರು ಕೊಡುವ ತಾಯಂದಿರು ಓದಿಕೊಂಡರೆ ಇನ್ನೂ ಒಳ್ಳೆಯದು. ಎದುರಿಗಿರುವವರು ಏನು ಮಾಡಬೇಕಿತ್ತು ಎಂದು ಅವರಿಗೂ ಗೊತ್ತಾಗಲಿ.

ಮೊದಲ ಪ್ರಶ್ನೆ: ಮಗು ಈಗ ಎಲ್ಲಿದೆ, ಹೇಗಿದೆ?

ಯಾರ ತಪ್ಪು, ಯಾವ ಇಲಾಖೆ ಎನ್ನುವುದೆಲ್ಲ ಆಮೇಲೆ. ದೂರು ಕೇಳಿದ ಕೂಡಲೇ ನಿರ್ಧರಿಸಬೇಕಾದ್ದು ಒಂದೇ: ಇದರಲ್ಲಿ ಮಗುವಿಗೆ ಅಪಾಯ ಇದೆಯೇ? ಹೊಡೆದದ್ದು, ಬರೆ ಹಾಕಿದ್ದು, ಕತ್ತಲ ಕೋಣೆಯಲ್ಲಿ ಕೂಡಿದ್ದು, ಲೈಂಗಿಕವಾಗಿ ಮುಟ್ಟಿದ್ದು, ಊಟ ಮಾಡಿದ ಮಕ್ಕಳಿಗೆ ವಾಂತಿ ಆಗಿದ್ದು, ಮಗು ಕೇಂದ್ರದಿಂದ ಕಾಣೆಯಾಗಿ ಸಂಪಿನ ಹತ್ತಿರ ಸಿಕ್ಕಿದ್ದು. ಇಂಥದ್ದು ಬಂದರೆ ಫೈಲು ತೆರೆಯುವ ಮೊದಲು ಫೋನು ಎತ್ತಬೇಕು. ಮಕ್ಕಳ ಸಹಾಯವಾಣಿ 1098, ಪೊಲೀಸ್ 112, ಎರಡೂ ಹಗಲುರಾತ್ರಿ ಸಿಗುತ್ತವೆ. ಗಾಯ ಇದ್ದರೆ ಮೊದಲು ಆಸ್ಪತ್ರೆ, ಅಲ್ಲಿ ಎಂಎಲ್‌ಸಿ (ಪೊಲೀಸ್ ಕೇಸಿಗೆ ಬೇಕಾಗುವ ವೈದ್ಯಕೀಯ ದಾಖಲೆ) ಮಾಡಿಸುವುದು. ವಾಂತಿ-ಭೇದಿಯಾದರೆ ಉಳಿದ ಅಡುಗೆಯನ್ನು ಚೆಲ್ಲಲು ಬಿಡಬೇಡಿ. ಮುಚ್ಚಿಟ್ಟು ಆರೋಗ್ಯ ಇಲಾಖೆಯವರಿಗೆ ಒಪ್ಪಿಸಿ. ಪಾತ್ರೆ ತೊಳೆದಿಟ್ಟ ಮೇಲೆ ಪರೀಕ್ಷೆಗೆ ಕಳಿಸಲು ಏನೂ ಉಳಿದಿರುವುದಿಲ್ಲ.

ಲೈಂಗಿಕ ಅಪರಾಧದ ಅನುಮಾನ ಬಂದರೂ ಸಾಕು, ಪೊಲೀಸರಿಗೆ ತಿಳಿಸಲೇಬೇಕು ಎನ್ನುತ್ತದೆ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್. ಗೊತ್ತಿದ್ದೂ ತಿಳಿಸದವರಿಗೆ ಆರು ತಿಂಗಳವರೆಗೆ ಜೈಲು ಇದೆ. ತನ್ನ ಕೈಕೆಳಗಿನವರು ಮಾಡಿದ್ದನ್ನು ಸಂಸ್ಥೆಯ ಮುಖ್ಯಸ್ಥ ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಹೊಡೆತ, ಹಿಂಸೆಗೆ 2015ರ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್ ಇದೆ: ಮಗುವನ್ನು ನೋಡಿಕೊಳ್ಳಲು ನೇಮಿಸಿಕೊಂಡವರೇ ಹಿಂಸೆ ಕೊಟ್ಟರೆ ಐದು ವರ್ಷದವರೆಗೆ ಕಠಿಣ ಜೈಲು, ಐದು ಲಕ್ಷದವರೆಗೆ ದಂಡ.

ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ. ಅಧ್ಯಕ್ಷರು ಎರಡೂ ಮನೆಯವರನ್ನು ಕರೆಸುತ್ತಾರೆ, ಅರಳಿಕಟ್ಟೆಯಲ್ಲೋ ಪಂಚಾಯಿತಿ ಹಾಲಿನಲ್ಲೋ ಕೂರಿಸುತ್ತಾರೆ, ‘ಒಂದೇ ಊರವರು, ಹೋಗ್ಲಿ ಬಿಡಿ’ ಎಂದು ಮುಚ್ಚಳಿಕೆ ಬರೆಸುತ್ತಾರೆ. ಇಂಥ ಅಪರಾಧಗಳಿಗೆ ರಾಜಿ ಪಂಚಾಯ್ತಿ ಎನ್ನುವುದೇ ಇಲ್ಲ. ಆ ಮುಚ್ಚಳಿಕೆ ಮುಂದೆ ಸಹಿ ಹಾಕಿದವರ ಕೊರಳಿಗೇ ಸುತ್ತಿಕೊಳ್ಳುವ ಹಗ್ಗ. ಮಗುವನ್ನು ನಿಲ್ಲಿಸಿಕೊಂಡು ‘ಯಾರು ಮಾಡಿದ್ದು, ತೋರಿಸು’ ಎಂದು ಮೊಬೈಲಿನಲ್ಲಿ ವಿಡಿಯೊ ಮಾಡುವುದು ಅದಕ್ಕಿಂತ ಕೆಟ್ಟದ್ದು. ಮಗುವಿನ ಗುರುತು ಬಹಿರಂಗಪಡಿಸಿದರೆ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್‌ನಲ್ಲಿ ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಊರಿನ ವಾಟ್ಸ್‌ಆಪ್ ಗುಂಪಿಗೂ ಇದು ಅನ್ವಯ.

ಅದೇ ದಿನ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೂ ಒಂದು ಪತ್ರ ಹೋಗಲಿ. ಮಗುವನ್ನು ಮನೆಗೆ ಕಳಿಸುವುದೇ ಅಪಾಯ ಎನ್ನುವಂತಿದ್ದರೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ 24 ಗಂಟೆಯೊಳಗೆ ಹಾಜರುಪಡಿಸಬೇಕು. ಆ ಕೆಲಸ ಪೊಲೀಸರು, ಸಹಾಯವಾಣಿಯವರು ಮಾಡುತ್ತಾರೆ. ಪಂಚಾಯಿತಿಯ ಕೆಲಸ ಅಡ್ಡ ಬರದೆ ಇರುವುದು, ಕೇಳಿದ ದಾಖಲೆ ಕೊಡುವುದು.

ಅಪಾಯ ಇಲ್ಲದ ದೂರು: ಯಾರ ಬಾಗಿಲು?

ಉಳಿದದ್ದೆಲ್ಲ ಸೇವೆಯ ಕೊರತೆ. ಹೊಣೆ ಹಂಚಿಹೋಗಿರುವುದರಿಂದ ಪ್ರತಿಯೊಬ್ಬರೂ ಇನ್ನೊಬ್ಬರ ಕಡೆ ಬೆರಳು ತೋರಿಸುವುದು ಸುಲಭ. ಅಂಗನವಾಡಿ ಕಾರ್ಯಕರ್ತೆ, ಸಹಾಯಕಿ, ಆಹಾರ ಇವು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯವು. ಮೇಲ್ವಿಚಾರಕಿ, ತಾಲ್ಲೂಕಿಗೆ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ), ಜಿಲ್ಲೆಗೆ ಉಪನಿರ್ದೇಶಕರು, ಹೀಗೆ ಮೆಟ್ಟಿಲು. ಪಂಚಾಯಿತಿಗೆ ಕಾರ್ಯಕರ್ತೆಯನ್ನು ಅಮಾನತು ಮಾಡುವ, ಗೌರವಧನ ತಡೆಯುವ ಅಧಿಕಾರ ಇಲ್ಲ. ಹಾಗೆ ಠರಾವು ಪಾಸು ಮಾಡಿದರೆ ಅದು ನಿಲ್ಲುವುದಿಲ್ಲ, ನಿಜವಾದ ದೂರೂ ಅದರ ಜೊತೆ ಬಿದ್ದುಹೋಗುತ್ತದೆ. ಕುಡಿಯುವ ನೀರು, ಶೌಚಾಲಯ, ಚರಂಡಿ, ಕಾಂಪೌಂಡು, ಬೀದಿನಾಯಿ ಇವುಗಳಲ್ಲಿ ಪಂಚಾಯಿತಿ ಕೈತೊಳೆದುಕೊಳ್ಳುವಂತಿಲ್ಲ.

ಕೂಸಿನ ಮನೆಯ ಲೆಕ್ಕ ಬೇರೆ. 2023–24ರ ರಾಜ್ಯ ಬಜೆಟ್‌ನಲ್ಲಿ 4,000 ಪಂಚಾಯಿತಿಗಳಿಗೆ ಘೋಷಣೆಯಾದ ಈ ಶಿಶುಪಾಲನಾ ಕೇಂದ್ರಗಳನ್ನು ನಡೆಸುವುದೇ ಗ್ರಾಮ ಪಂಚಾಯಿತಿ. ಅಂದರೆ ದೂರು ಬಂದಿರುವುದು ನಮ್ಮ ಮೇಲೆ, ವಿಚಾರಿಸುವವರೂ ನಾವೇ. ಇದು ಸರಿಹೋಗುವುದಿಲ್ಲ. ಬಿಲ್ಲಿಗೆ ಸಹಿ ಹಾಕುವ ಪಿಡಿಒ ಅದೇ ಬಿಲ್ಲಿನ ದೂರನ್ನು ವಿಚಾರಿಸಬಾರದು. ತಾಲ್ಲೂಕು ಪಂಚಾಯಿತಿ ಇಒ (ಕಾರ್ಯನಿರ್ವಾಹಕ ಅಧಿಕಾರಿ) ಅವರಿಗೆ ಬರೆದು, ಅಲ್ಲಿಂದ ಒಬ್ಬರನ್ನು ಕಳಿಸುವಂತೆ ಕೇಳಿ. ಆರೈಕೆದಾರರು ಸದಸ್ಯರ ನೆಂಟರಾಗಿದ್ದರೆ ಆ ಸದಸ್ಯರು ಸ್ಥಳ ಪರಿಶೀಲನೆಗೆ ಹೋಗಬಾರದು. ಬಾಯಲ್ಲಿ ಹೇಳಿದರೆ ಸಾಲದು, ನಡವಳಿಯಲ್ಲಿ ಬರೆಯಿರಿ.

ದಾಖಲಿಸುವುದು

ಸಾಮಾನ್ಯ ಟಪಾಲು ವಹಿಯಲ್ಲಿ ನಮೂದಿಸಿದರೆ ಬೀದಿದೀಪ, ನಲ್ಲಿ, ಖಾತೆಗಳ ನಡುವೆ ಕಳೆದುಹೋಗುತ್ತದೆ. 200 ಪುಟದ ಒಂದು ನೋಟ್‌ಬುಕ್ ತಂದು ಮಕ್ಕಳ ದೂರಿಗೆ ಮಾತ್ರ ಇಡಿ, ಬೀರುವಿನಲ್ಲಿ ಬೀಗ ಹಾಕಿಡಿ. ಒಂದು ನಮೂದು ಹೀಗಿರಬೇಕು:

‘ಕ್ರ.ಸಂ. 7. ಬುಧವಾರ ಬೆಳಿಗ್ಗೆ 11.20. ಬಾಯಿಮಾತಿನ ದೂರು, ಹೇಳಿದವರು ಮಗುವಿನ ತಾಯಿ (ಹೆಸರು ಪ್ರತ್ಯೇಕ ಲಕೋಟೆ 7ರಲ್ಲಿ). ಮಗು: ಗಂಡು, 4 ವರ್ಷ. ಕಳೆದ ಎರಡು ವಾರ ಮೊಟ್ಟೆ ಕೊಟ್ಟಿಲ್ಲ. ಬೇಕಿರುವುದು: ಮೊಟ್ಟೆ ಕೊಡಬೇಕು, ಟೀಚರನ್ನು ಬೈಯುವುದು ಬೇಡ. ಓದಿ ಹೇಳಿ ಸಹಿ ಪಡೆದಿದೆ.’

‘ಬೇಕಿರುವುದು’ ಎಂಬ ಸಾಲು ಮರೆಯಬೇಡಿ. ಹೆಚ್ಚಿನ ತಾಯಂದಿರಿಗೆ ಯಾರ ಕೆಲಸ ಕಳೆಯುವುದೂ ಬೇಕಿಲ್ಲ. ನಾಳೆಯೂ ಅದೇ ಟೀಚರ ಕೈಗೆ ಮಗುವನ್ನು ಒಪ್ಪಿಸಿ ಟೊಮೆಟೊ ಕೀಳಲೋ ರೇಷ್ಮೆ ಹುಳಕ್ಕೆ ಸೊಪ್ಪು ಹಾಕಲೋ ಹೋಗಬೇಕು. ಹೆಸರು ಲಕೋಟೆಯಲ್ಲಿ ಇರಬೇಕಾದ್ದು ಅದಕ್ಕೇ. ‘ಯಾರು ಹೇಳಿದ್ದು?’ ಎಂದು ಕಾರ್ಯಕರ್ತೆ ಕೇಳಿಯೇ ಕೇಳುತ್ತಾರೆ. ‘ಪಂಚಾಯಿತಿಯೇ ಪರಿಶೀಲಿಸುತ್ತಿದೆ’ ಎನ್ನುವುದಕ್ಕಿಂತ ಹೆಚ್ಚಿನ ಉತ್ತರ ಬೇಡ. ಸಹಿ ಇಲ್ಲದ ಕಾಗದವನ್ನೂ ಬಿಸಾಡಬೇಡಿ. ಅದರಲ್ಲಿ ದಿನಾಂಕ, ಜಾಗ, ನಡೆದದ್ದು ಇದ್ದರೆ ಪರಿಶೀಲಿಸಲು ಅಷ್ಟು ಸಾಕು.

ಸ್ವೀಕೃತಿ ಅದೇ ದಿನ, ಸ್ಥಳ ಪರಿಶೀಲನೆ ಮೂರು ದಿನದೊಳಗೆ, ಹಿಂಬರಹ, ಅಂದರೆ ದೂರಿಗೆ ಲಿಖಿತ ಉತ್ತರ, ಹದಿನೈದು ದಿನದೊಳಗೆ. ಇದು ಕಾನೂನು ಹಾಕಿದ ಗಡುವಲ್ಲ, ನಡೆಸಬಹುದಾದ ಗಡುವು.

ಒಂದು ದೂರನ್ನು ಬಿಡಿಸಿ ನೋಡುವುದು: ಮೊಟ್ಟೆ

ಮೂರರಿಂದ ಆರು ವರ್ಷದ ಮಕ್ಕಳಿಗೆ ವಾರಕ್ಕೆ ಎರಡು ದಿನ ಮೊಟ್ಟೆ, ವಾರಕ್ಕೆ ಐದು ದಿನ ಕ್ಷೀರಭಾಗ್ಯದ ಹಾಲು 150 ಮಿಲಿ. ಅದಕ್ಕೆ ಹಾಲಿನ ಪುಡಿ ಮಗುವಿಗೆ 15 ಗ್ರಾಂ. ಇಷ್ಟು ಗೊತ್ತಿದ್ದರೆ ಲೆಕ್ಕ ತಾನೇ ಮಾತಾಡುತ್ತದೆ.

ದಾಸ್ತಾನು ವಹಿ, ಹಾಜರಿ ಪುಸ್ತಕ ಎರಡನ್ನೂ ಪಕ್ಕಪಕ್ಕ ಇಟ್ಟುಕೊಳ್ಳಿ. ನಾಲ್ಕು ವಾರಕ್ಕೆ ಎಂಟು ಮೊಟ್ಟೆ ದಿನ. ದಾಖಲಾತಿ 22, ಸಾಮಾನ್ಯ ದಿನ ಹಾಜರಿ 14ರಿಂದ 17, ಮೊಟ್ಟೆ ದಿನ ಮಾತ್ರ ಎಂಟೂ ಸಲ ಸರಿಯಾಗಿ 22 ಎಂದಿದ್ದರೆ ಹುಬ್ಬೇರಿಸಬೇಕು. ಹಾಗೆಂದು ತಕ್ಷಣ ಕಳ್ಳಲೆಕ್ಕ ಎಂದು ಕೂಗಬೇಡಿ. ಮೊಟ್ಟೆ ದಿನ ಮಕ್ಕಳು ನಿಜವಾಗಿಯೂ ಹೆಚ್ಚು ಬರುತ್ತಾರೆ. ಅಮ್ಮಂದಿರೇ ಎಬ್ಬಿಸಿ ಕಳಿಸುತ್ತಾರೆ. ವ್ಯತ್ಯಾಸ ಹಿಡಿಯಲು ದಾಖಲಾತಿಯಿಂದ ಐದಾರು ಹೆಸರು ಆರಿಸಿ, ಆ ಮನೆಗಳಿಗೆ ಹೋಗಿ, ಕಳೆದ ಮೊಟ್ಟೆ ದಿನ ಮಗು ಊರಲ್ಲಿತ್ತೇ ಎಂದು ಕೇಳಿ. ಅಜ್ಜಿ ಮನೆಗೆ ಹೋಗಿದ್ದ ಮಗು ಮೊಟ್ಟೆ ತಿಂದಿದ್ದರೆ ಉತ್ತರ ಸಿಕ್ಕಿತು. ಕಾರ್ಯಕರ್ತೆ ಮೊಬೈಲಿನಲ್ಲಿ ತುಂಬುವ ಪೋಷಣ್ ಟ್ರ್ಯಾಕರ್ ಆ್ಯಪಿನ ಹಾಜರಿಯನ್ನೂ ಹೋಲಿಸಿ. ಆದರೆ ಬಾಗೇಪಲ್ಲಿ, ಗುಡಿಬಂಡೆ ಕಡೆಯ ಗುಡ್ಡದ ಊರುಗಳಲ್ಲಿ ಸಿಗ್ನಲ್ ಇಲ್ಲದೆ ನಮೂದು ತಡವಾಗುವುದುಂಟು, ಅದೊಂದನ್ನೇ ಸಾಕ್ಷಿ ಮಾಡಿಕೊಳ್ಳಬೇಡಿ.

‘ಸಣ್ಣ ಮೊಟ್ಟೆ’, ‘ಕೆಟ್ಟ ಮೊಟ್ಟೆ’ ಎಂಬ ದೂರಿಗೆ ತಕ್ಕಡಿ, ಒಂದು ಬಕೆಟ್ ನೀರು ಸಾಕು. ಸಾಧಾರಣ ಗಾತ್ರದ ಹತ್ತು ಮೊಟ್ಟೆ ಹೆಚ್ಚುಕಮ್ಮಿ ಅರ್ಧ ಕಿಲೊ ತೂಗಬೇಕು. ನೀರಿಗೆ ಹಾಕಿದಾಗ ತಳಕ್ಕೆ ಮಲಗಿದ್ದು ತಾಜಾ, ನೆಟ್ಟಗೆ ನಿಂತದ್ದು ಹಳತು, ತೇಲಿದ್ದು ಬಿಸಾಡಬೇಕಾದ್ದು.

ಕಾರಣವನ್ನೂ ಹುಡುಕಿ. ಬಾಲವಿಕಾಸ ಸಮಿತಿ (ಅಂಗನವಾಡಿಗಿರುವ ಊರವರ ಸಮಿತಿ) ಮೂಲಕ ಊರಲ್ಲೇ ಮೊಟ್ಟೆ ಕೊಳ್ಳುವ ಕಡೆ, ಸರ್ಕಾರ ಕೊಡುವ ದರಕ್ಕಿಂತ ಅಂಗಡಿ ದರ ಮೇಲೇರಿದಾಗ ದೂರುಗಳು ಒಟ್ಟೊಟ್ಟಿಗೆ ಬರುತ್ತವೆ. ಹಣ ತಡವಾಗಿ ಬಂದರೂ ಹಾಗೆಯೇ: ಅಂಗಡಿಯವನು ಸಾಲ ನಿಲ್ಲಿಸಿರುತ್ತಾನೆ, ಕಾರ್ಯಕರ್ತೆ ಕೈಯಿಂದ ಹಾಕಿ ಹಾಕಿ ಸಾಕಾಗಿರುತ್ತಾಳೆ. ಅಂಥ ಕಡೆ ಕಾರಣ ಕೇಳಿ ನೋಟಿಸು ಕೊಟ್ಟರೆ ಮೊಟ್ಟೆ ಬರುವುದಿಲ್ಲ, ಸಿಡಿಪಿಒ ಕಚೇರಿಗೆ ಬಾಕಿ ಮೊತ್ತ ಬರೆದು ಕಳಿಸಿದರೆ ಬರುತ್ತದೆ. ಸಮಿತಿಯ ಪಾಸ್‌ಬುಕ್ ನೋಡಿದರೆ ಎರಡರಲ್ಲಿ ಯಾವುದು ಎಂಬುದು ಐದು ನಿಮಿಷದ ಕೆಲಸ.

ಮಕ್ಕಳಿಗೆ ಆಹಾರ ಕೊಡುವುದು ಸರ್ಕಾರದ ಔದಾರ್ಯವಲ್ಲ, 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ಹಕ್ಕು. ಮಗುವಿಗೆ ದಿನಕ್ಕೆ ಎಷ್ಟು ಕ್ಯಾಲರಿ, ಎಷ್ಟು ಪ್ರೊಟೀನು ಎಂಬುದನ್ನೂ ಕಾಯ್ದೆಯ ಅನುಸೂಚಿಯೇ ಹೇಳುತ್ತದೆ. ತೀವ್ರ ಅಪೌಷ್ಟಿಕ ಮಗುವಿಗೆ ಅದಕ್ಕಿಂತ ಹೆಚ್ಚು. ‘ಮಗು ಇಳಿದುಹೋಗಿದೆ’ ಎಂಬ ದೂರಾದರೆ ತೋಳಿನ ಪಟ್ಟಿ ಹಾಕಿಸಿ: ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆ ಬಂದರೆ ಅದು ದೂರಿನ ವಿಷಯ ಅಲ್ಲವೇ ಅಲ್ಲ, ಅವತ್ತೇ ವೈದ್ಯರ ಹತ್ತಿರ ಹೋಗಬೇಕಾದ್ದು. ತಕ್ಕಡಿಯ ಮೇಲೂ ನಂಬಿಕೆ ಬೇಡ. ಮೊದಲು ಒಂದು ಕಿಲೊ ಸಕ್ಕರೆ ಪ್ಯಾಕೆಟ್ ಇಟ್ಟು ನೋಡಿ.

ನೀರು

ನಮ್ಮ ಜಿಲ್ಲೆಯಲ್ಲಿ ಅತಿ ತಡವಾಗಿ ಬರುವ ದೂರು ಇದು. ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇದ್ದರೆ ಅಂಗನವಾಡಿ ವಯಸ್ಸಿನ ಮಗುವಿನಲ್ಲಿ ಏನೂ ಕಾಣುವುದಿಲ್ಲ. ಒಸಡಿನೊಳಗೆ ಶಾಶ್ವತ ಹಲ್ಲು ತಯಾರಾಗುವ ವಯಸ್ಸು ಅದು. ಹಾಲುಹಲ್ಲು ಬಿದ್ದು ಹೊಸದು ಕಂದುಗೆರೆಯೊಂದಿಗೆ ಹುಟ್ಟಿದಾಗ ಮಗು ಎರಡನೇ ಕ್ಲಾಸಿನಲ್ಲಿರುತ್ತದೆ. ಹಾಗಾಗಿ ‘ನೀರು ಸಪ್ಪೆ’, ‘ಗಡಸು’ ಎಂಬ ಸಣ್ಣ ದೂರನ್ನೂ ಪರೀಕ್ಷೆ ಮಾಡಿಸದೆ ಮುಗಿಸಬೇಡಿ.

ಟಿಡಿಎಸ್ ಮೀಟರ್ ಅದ್ದಿ ‘300 ಇದೆ, ಚೆನ್ನಾಗಿದೆ’ ಎನ್ನುವುದು ತಪ್ಪು. ಕರಗಿದ ಲವಣಗಳ ಒಟ್ಟು ಅಳತೆ ಅದು, ಫ್ಲೋರೈಡ್ ಎಷ್ಟೆಂದು ಹೇಳುವುದಿಲ್ಲ. ಜಲ ಜೀವನ್ ಮಿಷನ್‌ನಲ್ಲಿ ಹಳ್ಳಿಗಳಿಗೆ ಬಂದಿರುವ ಪರೀಕ್ಷಾ ಕಿಟ್ ಬೀರುವಿನಲ್ಲಿ ಧೂಳು ತಿನ್ನುತ್ತಿದ್ದರೆ ತೆಗೆಯಿರಿ. ರಾಸಾಯನಿಕದ ಅವಧಿ ಮುಗಿದಿದೆಯೇ ನೋಡಿ, ನಲ್ಲಿಯ ನೀರು, ಶುದ್ಧ ಘಟಕದ ನೀರು ಎರಡನ್ನೂ ಪರೀಕ್ಷಿಸಿ. ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಕುಡಿಸುವಂತಿಲ್ಲ. ಘಟಕದ ನೀರಿನಲ್ಲೇ ಹೆಚ್ಚು ಬಂದರೆ ನೀರು ಸೋಸುವ ಮೆಂಬ್ರೇನ್ ಸತ್ತಿದೆ ಎಂದರ್ಥ. ಕುದಿಸಿ ಕೊಡಿ ಎಂಬ ಸಲಹೆ ಫ್ಲೋರೈಡಿಗೆ ನಡೆಯದು. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಸಾಂದ್ರತೆ ಏರುತ್ತದೆ.

ಕೂಸಿನ ಮನೆಯಲ್ಲಿ ನೋಡಬೇಕಾದ್ದು

ಇಲ್ಲಿನ ದೂರುಗಳು ಮೂರು ಬಗೆ: ಹೊತ್ತಿಗೆ ಮುಂಚೆ ಮುಚ್ಚುತ್ತಾರೆ, ಆರೈಕೆದಾರರು ದಿನಕ್ಕೊಬ್ಬರು, ಮಗುವನ್ನು ಯಾರ ಕೈಗೋ ಕೊಟ್ಟು ಕಳಿಸಿದರು. ಮೊದಲ ಎರಡಕ್ಕೆ ಹಿಂದಿನ ಕಾರಣ ಹೆಚ್ಚಾಗಿ ಕೂಲಿ ಬಾಕಿ. ದುಡ್ಡು ಬಾರದ ಹೆಂಗಸು ಪಕ್ಕದ ತೋಟಕ್ಕೆ ಕೂಲಿಗೆ ಹೋಗುತ್ತಾಳೆ, ಅದರಲ್ಲಿ ಬೈಯುವಂಥದ್ದೇನಿದೆ? ಕೂಲಿ ಎಲ್ಲಿ ನಿಂತಿದೆ ಎಂದು ಮೊದಲು ನೋಡಿ.

ಮೂರನೆಯದಕ್ಕೆ ಮದ್ದು ಒಂದು ಪುಸ್ತಕ: ಬಿಟ್ಟ ಹೊತ್ತು, ಕರೆದೊಯ್ದ ಹೊತ್ತು, ಕರೆದೊಯ್ದವರ ಸಹಿ ಅಥವಾ ಹೆಬ್ಬೆಟ್ಟು. ಯಾರ್‍ಯಾರಿಗೆ ಕೊಡಬಹುದು ಎಂದು ತಾಯಿ ಹೇಳಿದ ಎರಡು ಹೆಸರು ಮೊದಲ ಪುಟದಲ್ಲಿರಲಿ. ಕುಡಿದು ಬಂದವನು ಅಪ್ಪನೇ ಆದರೂ ಮಗುವನ್ನು ಕೊಡದೆ ತಾಯಿಗೆ ಫೋನು ಮಾಡಿ ಎಂದು ಆರೈಕೆದಾರರಿಗೆ ಲಿಖಿತವಾಗಿ ಹೇಳಿಡಿ. ಬಾಯಲ್ಲಿ ಹೇಳಿದ್ದಾದರೆ ಬಾಗಿಲಲ್ಲಿ ಗಲಾಟೆಯಾದಾಗ ಅವರ ಕೈ ಹಿಡಿಯುವವರಿರುವುದಿಲ್ಲ.

ಹೋದಾಗ ಮಗುವಿನ ಎತ್ತರಕ್ಕೆ ಕೂತು ನೋಡಿ. ಸಂಪಿನ ಮುಚ್ಚಳ ಎಳೆದರೆ ಸರಿಯುತ್ತದೆಯೇ, ಪ್ಲಗ್ಗಿನ ತೂತು ಕೈಗೆಟಕುತ್ತದೆಯೇ, ಫಿನಾಯಿಲ್ ಬಾಟಲಿ ಎಲ್ಲಿದೆ, ಒಳಗಿಂದ ಚಿಲಕ ಬಿದ್ದರೆ ಹೊರಗಿನಿಂದ ತೆಗೆಯಲು ಬರುತ್ತದೆಯೇ. ನಿಂತು ನೋಡಿದವರಿಗೆ ಇವು ಕಾಣುವುದಿಲ್ಲ.

ದೂರಿನೊಳಗೆ ಜಾತಿ

‘ಅಡುಗೆ ಶುಚಿಯಿಲ್ಲ’ ಎಂಬ ದೂರು ಒಂದೇ ಬೀದಿಯಿಂದ, ಒಂದೇ ವಾರದಲ್ಲಿ, ಹೊಸ ಸಹಾಯಕಿ ಸೇರಿದ ಮೇಲೆ ಬಂದಿದ್ದರೆ, ಯಾವ ದಿನ ಏನಾಯಿತು ಎಂದು ಯಾರಿಗೂ ಹೇಳಲು ಆಗದಿದ್ದರೆ, ವಿಷಯ ಅಡುಗೆಯದ್ದಲ್ಲ. ಪಾತ್ರೆ, ಕಾಳು, ನೀರು ನೋಡಿ, ನೀವೇ ಅಲ್ಲಿ ಕೂತು ಉಂಡು, ಕಂಡದ್ದನ್ನು ಬರೆಯಿರಿ. ಸಹಾಯಕಿಯನ್ನು ಬೇರೆಡೆ ಹಾಕಿ ‘ಶಾಂತಿ’ ಮಾಡುವುದೆಂದರೆ ಅಸ್ಪೃಶ್ಯತೆಗೆ ಪಂಚಾಯಿತಿಯ ಸೀಲು ಒತ್ತಿದಂತೆ. ಇದರ ಉಲ್ಟಾ ದೂರೂ ಇದೆ, ಮಕ್ಕಳನ್ನು ಬೇರೆ ಸಾಲಿನಲ್ಲಿ ಕೂರಿಸುವುದು, ಲೋಟ ಬೇರೆ ಇಡುವುದು. ಎರಡೂ 1989ರ ದೌರ್ಜನ್ಯ ತಡೆ ಕಾಯ್ದೆಯ ತನಕ ಹೋಗುವ ವಿಷಯಗಳು, ಸಿಡಿಪಿಒ ಜೊತೆಗೆ ಸಮಾಜ ಕಲ್ಯಾಣ ಇಲಾಖೆಗೂ ಪತ್ರ ಹೋಗಬೇಕು.

ಮಗುವಿನ ಮಾತು

ನಾಲ್ಕು ವರ್ಷದ ಮಗು ಸಾಕ್ಷಿ ಹೇಳುವುದಿಲ್ಲ, ಹರಟೆ ಹೊಡೆಯುತ್ತದೆ. ‘ಟೀಚರ್ ಮೊಟ್ಟೆ ಕೊಡಲಿಲ್ಲ ಅಲ್ವಾ?’ ಎಂದರೆ ಹೂಂ ಎನ್ನುತ್ತದೆ, ‘ಕೊಟ್ರು ಅಲ್ವಾ?’ ಎಂದರೂ ಹೂಂ. ‘ಇವತ್ತು ಏನು ತಿಂದೆ?’ ಎಂದು ಕೇಳಿ ಸುಮ್ಮನೆ ಕೂರಬೇಕು. ಬಾಗೇಪಲ್ಲಿ, ಚಿಂತಾಮಣಿ ಕಡೆ ಮನೆಮಾತು ತೆಲುಗಾದ ಮಗುವಿಗೆ ಕನ್ನಡದಲ್ಲಿ ಕೇಳಿದರೆ ಮುಖ ನೋಡುತ್ತದೆ ಅಷ್ಟೆ. ‘ಈ ರೋಜು ಏಮಿ ತಿನ್ನಾವು?’ ಎಂದರೆ ಬಾಯಿ ಬಿಡುತ್ತದೆ. ಕಾರ್ಯಕರ್ತೆಯ ಎದುರು ಬೇಡ, ದೂರು ಕೊಟ್ಟ ಅಮ್ಮನ ತೊಡೆಯ ಮೇಲೂ ಬೇಡ, ಅವಳು ಪಕ್ಕದಲ್ಲಿದ್ದರೆ ಸಾಕು. ಹೇಳಿದ್ದನ್ನು ಮಗುವಿನ ಪದದಲ್ಲೇ ಬರೆಯಿರಿ. ಇದೆಲ್ಲ ಊಟ-ಆಟದ ದೂರಿಗೆ ಮಾತ್ರ. ಹೊಡೆತ, ಮುಟ್ಟಿದ್ದು ಎಂಬ ಸುಳಿವು ಬಂದ ಕೂಡಲೇ ಪ್ರಶ್ನೆ ನಿಲ್ಲಿಸಿ; ಮುಂದಿನದು ಪೊಲೀಸರ ಕೆಲಸ. ಪೋಕ್ಸೊದಲ್ಲಿ ಹೇಳಿಕೆ ಪಡೆಯುವವರು ಸಮವಸ್ತ್ರದಲ್ಲಿ ಇರಬಾರದು, ಮಗುವಿನ ಮನೆಗೋ ಅದು ಇಷ್ಟಪಡುವ ಜಾಗಕ್ಕೋ ಅವರೇ ಹೋಗಬೇಕು.

ಹಿಂಬರಹ

‘ಪರಿಶೀಲಿಸಲಾಗಿದೆ, ಕ್ರಮ ವಹಿಸಲಾಗುವುದು’ ಎಂಬುದು ಹಾರಿಕೆ ಉತ್ತರ. ಯಾವ ದಿನ ಹೋದಿರಿ, ಏನು ಎಣಿಸಿದಿರಿ, ಏನು ಸಿಕ್ಕಿತು, ಯಾರಿಗೆ ಬರೆದಿರಿ, ಯಾವ ದಿನದೊಳಗೆ ಸರಿಯಾಗುತ್ತದೆ ಎಂದು ಬರೆಯಿರಿ. ದೂರು ಸುಳ್ಳಾಗಿದ್ದರೆ ಅದನ್ನೂ ಕಾರಣದೊಂದಿಗೆ ಬರೆಯಿರಿ, ಕಾರ್ಯಕರ್ತೆಗೂ ಒಂದು ಪ್ರತಿ ಕೊಡಿ. ಅವರ ಮಾನವೂ ಇದರಲ್ಲಿದೆ. ಓದಲು ಬಾರದವರಿಗೆ ಓದಿ ಹೇಳಿ.

ಒಪ್ಪದವರು ಮುಂದೆ ಎಲ್ಲಿಗೆ ಹೋಗಬಹುದು ಎಂಬುದು ಹಿಂಬರಹದ ಕೊನೆಯಲ್ಲೇ ಇರಲಿ. ಅಂಗನವಾಡಿಯದ್ದಾದರೆ ಸಿಡಿಪಿಒ, ಉಪನಿರ್ದೇಶಕರು. ಕೂಸಿನ ಮನೆಯದ್ದಾದರೆ ಇಒ, ಜಿಲ್ಲಾ ಪಂಚಾಯಿತಿ ಸಿಇಒ. ಯಾವುದಾದರೂ ಸರಿ, ರಾಜ್ಯ ಸರ್ಕಾರದ ದೂರು ಸಹಾಯವಾಣಿ ಜನಸ್ಪಂದನ 1902. ಆಹಾರದ ವಿಷಯಕ್ಕೆ ರಾಜ್ಯ ಆಹಾರ ಆಯೋಗ, ಹಕ್ಕಿನ ಉಲ್ಲಂಘನೆಗೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ. ಮಕ್ಕಳ ಕಲ್ಯಾಣ ಸಮಿತಿಯ ನಡೆಯ ಮೇಲೇ ದೂರಿದ್ದರೆ ಕೇಳುವವರು ಜಿಲ್ಲಾಧಿಕಾರಿ. ದಾಖಲೆ ಬೇಕೆಂದವರು ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಕೇಳಬಹುದು, ಬಿಪಿಎಲ್‌ನವರಿಗೆ ಶುಲ್ಕವಿಲ್ಲ, 30 ದಿನದಲ್ಲಿ ಉತ್ತರ. ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಅವರನ್ನು ಅಲ್ಲಿಯವರೆಗೆ ಓಡಿಸದೆ ದಾಸ್ತಾನು ವಹಿಯ ಪುಟವನ್ನು ಮೊದಲೇ ತೋರಿಸಿಬಿಡುವುದು ಜಾಣತನ.

ಹಿಂಬರಹ ಕೊಟ್ಟ ಒಂದು ತಿಂಗಳಿಗೆ, ಮೊಟ್ಟೆಯ ದಿನವೇ, ಹೇಳದೆ ಕೇಳದೆ ಊಟದ ಹೊತ್ತಿಗೆ ಕೇಂದ್ರಕ್ಕೆ ಹೋಗಿ. ಸಿಪ್ಪೆಯ ಬುಟ್ಟಿ ನೋಡಿ, ತಟ್ಟೆ ಎಣಿಸಿ. ದೂರು ಕೊಟ್ಟ ತಾಯಿಯ ಮಗು ಸಾಲಿನಲ್ಲಿದೆಯೇ, ಕೊನೆಗೆ ತಳ್ಳಿ ಕೂರಿಸಿದ್ದಾರೆಯೇ, ಅಥವಾ ಬರುವುದನ್ನೇ ಬಿಟ್ಟಿದೆಯೇ ಎಂದು ವಿಚಾರಿಸಿ. ಬಿಟ್ಟಿದ್ದರೆ ನೋಟ್‌ಬುಕ್ಕಿನಲ್ಲಿ ಕ್ರ.ಸಂ. 7ನ್ನು ‘ಮುಕ್ತಾಯ’ ಎಂದು ಬರೆಯಬೇಡಿ.